ಮೂರನೆಯ ಗಂಟೆಯ ಎದೆನೋವು

ಡಯಾಲಿಸಿಸ್ ಘಟಕಕ್ಕೆ ಹೊಸದಾಗಿ ಸೇರುವ ನರ್ಸುಗಳು ಸೂಜಿಗೆ ಹೆದರುತ್ತಾರೆ. ರೋಗಿಯ ತೋಳಿನಲ್ಲಿ ಹಗ್ಗದ ಹಾಗೆ ಉಬ್ಬಿದ ನಾಳಕ್ಕೆ ಅಷ್ಟು ದಪ್ಪ ಸೂಜಿ ಇಳಿಸುವಾಗ ಕೈ ನಡುಗುವುದು ಸಹಜ. ಕೆಲವು ತಿಂಗಳಲ್ಲಿ ಅದು ಹೋಗುತ್ತದೆ. ನನಗೆ ನಿವೃತ್ತಿಯ ದಿನದವರೆಗೂ ಹೋಗದೆ ಉಳಿದದ್ದು ಮೂರನೆಯ ಗಂಟೆಯ ಹೆದರಿಕೆ. ನಾಲ್ಕು ಗಂಟೆಯ ಡಯಾಲಿಸಿಸ್‌ನಲ್ಲಿ ಮೊದಲೆರಡು ಗಂಟೆ ರೋಗಿಗಳು ಹರಟುತ್ತಾರೆ, ಮೊಬೈಲ್ ನೋಡುತ್ತಾರೆ, ಎ.ಸಿ. ಜಾಸ್ತಿಯಾಯಿತೆಂದು ನಮ್ಮನ್ನು ಬೈಯುತ್ತಾರೆ. ಮೂರನೆಯ ಗಂಟೆಯ ಹೊತ್ತಿಗೆ ಯಂತ್ರ ಮೈಯಿಂದ ಸಾಕಷ್ಟು ನೀರು ಎಳೆದಿರುತ್ತದೆ. ಒಂದೊಂದೇ ಹಾಸಿಗೆ ಸುಮ್ಮನಾಗುತ್ತದೆ. ಇದರಲ್ಲಿ ನಿದ್ದೆ ಯಾವುದು, ಕೇಡು ಯಾವುದು ಎಂದು ತಿಳಿಯುವುದೇ ನಮ್ಮ ಕೆಲಸ. ಉಳಿದದ್ದನ್ನು ಯಂತ್ರವೇ ಮಾಡುತ್ತದೆ.

ನನ್ನ ಹೆಸರು ನಾಗರತ್ನ. ಘಟಕದಲ್ಲಿ ಎಲ್ಲರೂ ಬೆನ್ನ ಹಿಂದೆ ಕರೆಯುತ್ತಿದ್ದದ್ದು ‘ಟೆನ್ಷನ್ ಸಿಸ್ಟರ್’ ಎಂದು. ಬೆನ್ನ ಹಿಂದೆ ಅಂದುಕೊಂಡವರು ಅವರು, ನನ್ನ ಕಿವಿ ಚುರುಕಾಗಿತ್ತು. ನಾನು ಹುಟ್ಟಾ ಹೆದರುಪುಕ್ಕಲಿ. ಗ್ಯಾಸ್ ಆರಿಸಿದ್ದೇನೆಯೇ ಎಂದು ಬಸ್‌ಸ್ಟಾಪಿನಿಂದ ವಾಪಸು ಬರುವ ಜಾತಿ. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್. ನಾನು ನರ್ಸಿಂಗ್ ಓದುತ್ತೇನೆಂದಾಗ ಕಾಲೊನಿಯ ಹೆಂಗಸರು ಮೂಗು ಮುರಿದರು, ಅಮ್ಮ ಮಾತ್ರ ಬೇರೆ ಕಾರಣಕ್ಕೆ ಚಿಂತೆ ಮಾಡಿದಳು: “ಹಲ್ಲಿ ಬಿದ್ರೆ ಕೂಗ್ಕೊಳ್ತೀಯ, ರಕ್ತ ನೋಡ್ತೀಯೇನೆ?” ಎಂದಳು. ರಕ್ತಕ್ಕೆ ನಾನು ಯಾವತ್ತೂ ಹೆದರಲಿಲ್ಲ. ರಕ್ತ ಕಣ್ಣಿಗೆ ಕಾಣುತ್ತದೆ. ಕಾಣದ್ದು ನನ್ನನ್ನು ಕಾಡುತ್ತಿತ್ತು.

ಶಿವಾಜಿನಗರಕ್ಕೂ ಹಲಸೂರಿಗೂ ನಡುವಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ನನ್ನ ಕೆಲಸದ ಬಹುಭಾಗ ಕಳೆಯಿತು. ಆಗ ಘಟಕದ ಯಜಮಾನಿ ಫಿಲೋಮಿನಾ ಸಿಸ್ಟರ್. ಕಾಕ್ಸ್ ಟೌನಿನವರು. ತಮಿಳು, ಕನ್ನಡ, ಇಂಗ್ಲಿಷ್ ಮೂರನ್ನೂ ಒಂದೇ ಉಸಿರಿನಲ್ಲಿ ಬೆರೆಸಿ ಬೈಯಬಲ್ಲವರು. ಸೇರಿದ ಹೊಸತರಲ್ಲಿ ನಾನು ಯಂತ್ರದ ಅಂಕಿಗಳಿಗೆ ಕಣ್ಣು ಅಂಟಿಸಿ ನಿಂತಿದ್ದರೆ ಅವರು ನನ್ನ ಗದ್ದ ಹಿಡಿದು ಮುಖವನ್ನು ರೋಗಿಯತ್ತ ತಿರುಗಿಸಿದರು.

“ಏನ್ಮಾ, ಮೆಷಿನ್ ಸಾಯತ್ತಾ? ಆ ಆಳ್ ಮುಖ ನೋಡು. ಆಕಳಿಸ್ತಾ ಇದಾರೆ ನೋಡು. ನಿದ್ದೆ ಅನ್ಕೊಂಡ್ಯಾ? ಬಿ.ಪಿ. ಬೀಳ್ತಾ ಇದೆ!”

ಅಳೆದು ನೋಡಿದರೆ ನಿಜ, ರಕ್ತದೊತ್ತಡ ಇಳಿಯುತ್ತಿತ್ತು. ಆಕಳಿಕೆ, ಹಣೆಯ ಮೇಲೆ ಸಣ್ಣಗೆ ಬೆವರು, ಕಾರಣವಿಲ್ಲದ ಸಿಡುಕು. ಈಗಿನ ಯಂತ್ರಗಳಲ್ಲಿ ಬಣ್ಣಬಣ್ಣದ ಎಚ್ಚರಿಕೆ ದೀಪಗಳಿವೆ. ಆದರೂ ಮನುಷ್ಯನ ಮುಖ ಇಂದಿಗೂ ದೀಪಕ್ಕಿಂತ ಮೊದಲೇ ಹೇಳುತ್ತದೆ, ನೋಡುವವರು ಇದ್ದರೆ.

ನಮ್ಮ ಘಟಕದಲ್ಲಿ ಎಲ್ಲವೂ ನಿಂತಿದ್ದದ್ದು ತೂಕದ ಮೇಲೆ. ಮೂತ್ರಪಿಂಡ ಕೆಟ್ಟವರು ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ನಿಲ್ಲುತ್ತದೆ. ನೀರೆಲ್ಲ ಹೋದ ಮೇಲೆ ಉಳಿಯಬೇಕಾದ ತೂಕಕ್ಕೆ ನಾವು ಒಣ ತೂಕ ಎನ್ನುತ್ತೇವೆ. ಬಂದಾಗಿನ ತೂಕದಿಂದ ಅದನ್ನು ಕಳೆದರೆ ಆ ದಿನ ಎಳೆಯಬೇಕಾದ ನೀರು ಎಷ್ಟೆಂದು ಗೊತ್ತಾಗುತ್ತದೆ. ಒಮ್ಮೆ ಘಟಕಕ್ಕೆ ಬಣ್ಣ ಹೊಡೆಸಿದರು. ಆಮೇಲೆ ತೂಕದ ಯಂತ್ರವನ್ನು ಯಾರೋ ಹೊಸ ನೆಲ ಕೊಳೆಯಾಗಬಾರದೆಂದು ತೆಂಗಿನ ನಾರಿನ ಮ್ಯಾಟಿನ ಮೇಲೆ ಇಟ್ಟರು. ಮೆತ್ತನೆಯ ಮ್ಯಾಟಿನ ಮೇಲೆ ಯಂತ್ರ ಕಡಿಮೆ ತೋರಿಸುತ್ತಿತ್ತು. ನಾವು ಅದನ್ನೇ ನಂಬಿ ನೀರು ಕಡಿಮೆ ಎಳೆದೆವು. ವಾರ ಕಳೆಯುವುದರೊಳಗೆ ಒಬ್ಬೊಬ್ಬರೇ ಏದುಸಿರು ಬಿಡುತ್ತಾ ಬರತೊಡಗಿದರು. ಇಡೀ ಘಟಕದಲ್ಲಿ ಸಂತೋಷವಾಗಿದ್ದವರು ಫಿಲೋಮಿನಾ ಸಿಸ್ಟರ್ ಒಬ್ಬರೇ. ಬೆಳಗಿನ ವಾಕಿಂಗ್ ಕೊನೆಗೂ ಫಲ ಕೊಟ್ಟಿತೆಂದು ಅವರು ದಿನವೂ ಯಂತ್ರ ಹತ್ತಿ ಇಳಿದು ನಗುತ್ತಿದ್ದರು. ಕಿಡ್ನಿ ಡಾಕ್ಟರಾದ ರಘುರಾಮ್ ಅವರು ಒಂದು ದಿನ ಸುಮ್ಮನೆ ಮ್ಯಾಟ್ ಎಳೆದು, “ಸಿಸ್ಟರ್, ಈಗ ಹತ್ತಿ,” ಅಂದರು. ಅವರು ಹತ್ತಿದರು, ನೋಡಿದರು, ಇಳಿದರು. ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಅಂದಿನಿಂದ ನಾನು ಯಾವುದೇ ಘಟಕಕ್ಕೆ ಹೋದರೂ ಮೊದಲು ತೂಕದ ಯಂತ್ರದ ಕೆಳಗೆ ಬಗ್ಗಿ ನೋಡುತ್ತೇನೆ.

ರೋಗಿಗಳೂ ಕಡಿಮೆಯಲ್ಲ. ಹಬ್ಬದ ಮಾರನೆಯ ದಿನ ಬರುವ ಮುಖಗಳೇ ಊದಿಕೊಂಡಿರುತ್ತವೆ. ಮುನಿರಾಜಣ್ಣನ ಪರಿಚಯ ನನಗೆ ಆದದ್ದೇ ಹಾಗೆ. ಕೆ.ಆರ್. ಪುರದಿಂದ ಆಚೆ, ಈಗ ಊರೊಳಗೆ ಊರಾಗಿ ಮುಳುಗಿಹೋದ ಹಳ್ಳಿಯವರು. ಅಪ್ಪನ ಕಾಲದಲ್ಲಿ ದ್ರಾಕ್ಷಿ ತೋಟ, ಇವರ ಕಾಲಕ್ಕೆ ಅದೇ ಜಾಗದಲ್ಲಿ ಬಾಡಿಗೆ ಮನೆಗಳು. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಹೋಗಿತ್ತು. ಬಾಯಿ ಮಾತ್ರ ಗಟ್ಟಿಮುಟ್ಟಾಗಿತ್ತು. ಬೇಸಿಗೆಯಲ್ಲಿ ಒಂದು ದಿನ ತೂಕ ನೋಡಿ ನಾನು ದಂಗಾದೆ.

“ಎಷ್ಟು ನೀರು ಕುಡ್ದಿದ್ದೀರಿ ಮುನಿರಾಜಣ್ಣ?”

“ಅಮ್ಮನಾಣೆಗೂ ಒಂದ್ ಲೋಟದ್ ಮೇಲೆ ಮುಟ್ಟಿಲ್ಲ ಸಿಸ್ಟರ್.”

ನಾನು ಅವರ ಅಂಗಿಯತ್ತ ನೋಡಿದೆ. ಅವರು ತಕ್ಷಣ ಎದೆಯ ಮೇಲಿನ ಕೆಂಪು ಕಲೆಯನ್ನು ಕೈಯಿಂದ ಮುಚ್ಚಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

“ಕಲ್ಲಂಗಡಿ ನೀರಲ್ಲ ಸಿಸ್ಟರ್, ಅದು ಹಣ್ಣು,” ಎಂದರು.

ನಾನು ನಕ್ಕೆ. ಆದರೆ ಆ ನಗುವಿನ ಹಿಂದೆ ಅಳುಕಿತ್ತು. ಹೆಚ್ಚು ನೀರು ತಂದವರಿಂದ ಹೆಚ್ಚು ಎಳೆಯಬೇಕು, ವೇಗವಾಗಿ ಎಳೆಯಬೇಕು. ಟಿನ್ ಫ್ಯಾಕ್ಟರಿ ಸರ್ಕಲ್ಲಿನ ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿ ತಡವಾಗಿ ಬಂದವರು ಬೇಗ ಮುಗಿಸಿ ಕಳಿಸಿ ಎಂದು ಕೈ ಮುಗಿಯುತ್ತಾರೆ. ಮುಂದಿನ ಪಾಳಿಯವರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಾರೆ. ನಾನು ಸೇರಿದ ಕಾಲದಲ್ಲಿ ಎಷ್ಟು ನೀರು ಎಳೆದು ಕಳಿಸಿದೆವು ಎಂಬುದೇ ನಮ್ಮ ಹೆಮ್ಮೆಯಾಗಿತ್ತು. ಅಷ್ಟು ವೇಗಕ್ಕೆ ಹೃದಯ ಏನು ತೆರುತ್ತದೆ ಎಂದು ಆಗ ಯಾರೂ ಹೆಚ್ಚು ಯೋಚಿಸುತ್ತಿರಲಿಲ್ಲ.

ಒಂದು ಮಳೆಗಾಲದಲ್ಲಿ ಮುನಿರಾಜಣ್ಣನಿಗೆ ಮೂರನೆಯ ಗಂಟೆಯಲ್ಲಿ ಎದೆ ಭಾರ ಶುರುವಾಯಿತು. “ಯಾರೋ ಎದೆ ಮೇಲೆ ಅಕ್ಕಿ ಮೂಟೆ ಇಟ್ಟಂಗಾಯ್ತದೆ,” ಎಂದರು. ಅವರ ಹೆಂಡತಿ ಗೌರಮ್ಮ ಅದಾಗಲೇ ತನ್ನ ಒಂದು ಕಿಡ್ನಿ ಕೊಡಲು ಒಪ್ಪಿ, ಅದಕ್ಕೆ ಬೇಕಾದ ಪರೀಕ್ಷೆಗಳಿಗೆ ಓಡಾಡುತ್ತಿದ್ದರು. ಕಿಡ್ನಿ ಕಸಿಗೆ ಮೊದಲು ಹೃದಯ ಸರಿಯಿದೆಯೇ ಎಂದು ತಿಳಿಯಬೇಕಿತ್ತು. ಹೃದಯದ ಡಾಕ್ಟರು ಆಂಜಿಯೋಗ್ರಾಮ್ ಮಾಡಿದರು. ಎಲ್ಲ ದೊಡ್ಡ ನಾಳಗಳೂ ತೆರೆದಿದ್ದವು. ಎಲ್ಲೂ ಬ್ಲಾಕ್ ಇರಲಿಲ್ಲ.

ಗಂಡನ ಎದೆನೋವು ಹೋಗಲೆಂದು ಗೌರಮ್ಮ ಊರ ಅಮ್ಮನಿಗೆ ಹರಕೆ ಹೊತ್ತಿದ್ದರಂತೆ. ವರದಿ ಬಂದ ವಾರವೇ ತಂಬಿಟ್ಟಿನ ಆರತಿ ಹೊತ್ತು, ನೆಂಟರಿಷ್ಟರಿಗೆಲ್ಲ ಊಟ ಹಾಕಿಸಿ ಹರಕೆ ತೀರಿಸಿದರು. ನಮಗೂ ಡಬ್ಬಿ ತುಂಬ ತಂಬಿಟ್ಟು ಬಂತು. ಘಟಕದವರೆಲ್ಲ ತಿಂದು ಕೈ ಒರೆಸಿಕೊಂಡೆವು. ನನ್ನ ಪ್ರಾಣಕ್ಕೂ ಆ ದಿನ ಹಾಯೆನಿಸಿತು.

ಆ ನೆಮ್ಮದಿ ಎರಡು ವಾರವೂ ಉಳಿಯಲಿಲ್ಲ. ಮುನಿರಾಜಣ್ಣ ಮೂರನೆಯ ಗಂಟೆಯಲ್ಲಿ ಮಾತು ನಿಲ್ಲಿಸತೊಡಗಿದರು. ಯಾವುದೋ ಬಾಡಿಗೆದಾರನ ಕಥೆ ಹೇಳುತ್ತಿದ್ದವರು ನಡುವೆಯೇ ಬಿಟ್ಟು ಗೋಡೆಯತ್ತ ತಿರುಗುತ್ತಿದ್ದರು. ಹೊದಿಕೆಯ ಒಳಗೆ ಕೈ ಎದೆಯ ಮೇಲೆ ಓಡಾಡುತ್ತಿತ್ತು. ನಾನು ಹತ್ತಿರ ಹೋದರೆ ಕೈ ನಿಲ್ಲುತ್ತಿತ್ತು.

“ಎದೆ ನೋವಾ ಮುನಿರಾಜಣ್ಣ?”

“ಏನಿಲ್ಲ ಸಿಸ್ಟರ್. ಡಾಕ್ಟ್ರೇ ಕ್ಲೀನಾಗೈತೆ ಅಂದವ್ರಲ್ಲ.”

ಇ.ಸಿ.ಜಿ. ತೆಗೆದರೆ ಅದರಲ್ಲೂ ಹೊಸದೇನೂ ಇಲ್ಲ. ಜೊತೆಯವರು ನಕ್ಕರು. ಹಗ್ಗ ಕಂಡರೂ ಹಾವು ಎನ್ನುವವಳು ಎಂದರು. ನಾನು ರಘುರಾಮ್ ಡಾಕ್ಟರ ಕೋಣೆಗೆ ಹೋಗಿ ನನ್ನ ಹೆದರಿಕೆಯನ್ನು ಇದ್ದ ಹಾಗೆ ಹೇಳಿದೆ. ಆಂಜಿಯೋಗ್ರಾಮ್ ಸರಿಯಿದ್ದ ಮೇಲೂ ಎದೆ ಹೇಗೆ ನೋಯುತ್ತದೆ ಎಂದು ಕೇಳಿದೆ. ಅವರು ನಗಲಿಲ್ಲ. ನನ್ನನ್ನು ಕೂರಿಸಿ ಹೇಳಿದ್ದನ್ನು ನಾನು ನೆನಪಿನಿಂದ ಬರೆಯುತ್ತಿದ್ದೇನೆ. ಹೊಸಬರು ಇದನ್ನೊಂದು ಮನಸ್ಸಿಟ್ಟು ಓದಬೇಕು.

ಆಂಜಿಯೋಗ್ರಾಮಿನಲ್ಲಿ ಕಾಣುವುದು ಹೃದಯದ ಮೇಲೆ ಓಡುವ ದೊಡ್ಡ ನಾಳಗಳು ಮಾತ್ರ. ಅವುಗಳಿಂದ ಕವಲೊಡೆದು ಸ್ನಾಯುವಿನ ಒಳಗೆ ಇಳಿಯುವ, ಕೂದಲಿಗಿಂತ ಸಣ್ಣ ನಾಳಗಳು ಅದರಲ್ಲಿ ಕಾಣುವುದೇ ಇಲ್ಲ. ಸ್ನಾಯುವಿಗೆ ನಿಜವಾಗಿ ರಕ್ತ ಉಣಿಸುವುದು ಅವೇ. ಮೂತ್ರಪಿಂಡ ಕೆಟ್ಟು ವರ್ಷಗಳಾದಾಗ ರಕ್ತದಲ್ಲಿ ಉಳಿದ ಕಶ್ಮಲ, ಏರಿದ ರಕ್ತದೊತ್ತಡ, ಹೆಚ್ಚಾದ ರಂಜಕ (ಫಾಸ್ಫರಸ್) ಎಲ್ಲ ಸೇರಿ ಆ ಸಣ್ಣ ನಾಳಗಳ ಗೋಡೆಯನ್ನು ದಪ್ಪಗೆ, ಗಡುಸಾಗಿ ಮಾಡುತ್ತವೆ. ಬೇಕಾದಾಗ ಹಿಗ್ಗುವ ಗುಣ ಹೋಗುತ್ತದೆ. ಎಷ್ಟೋ ನಾಳಗಳು ಇಲ್ಲವೇ ಆಗುತ್ತವೆ. ಅದೇ ಹೊತ್ತಿಗೆ ಒತ್ತಡಕ್ಕೆ ಸಿಕ್ಕಿ ಹೃದಯದ ಸ್ನಾಯು ದಪ್ಪವಾಗಿರುತ್ತದೆ, ಅದಕ್ಕೆ ಮೊದಲಿಗಿಂತ ಹೆಚ್ಚು ರಕ್ತ ಬೇಕು.

“ನಿಮ್ಮ ಫಿಲೋಮಿನಾ ಸಿಸ್ಟರ್ ಬೀದೀನೇ ತಗೊಳ್ಳಿ,” ಎಂದರು ಡಾಕ್ಟರು. “ರೋಡಲ್ಲಿ ಕಾವೇರಿ ನೀರಿನ ಮೇನ್ ಲೈನ್ ಚೆನ್ನಾಗಿದೆ. ಆದ್ರೆ ಮನೆ ಒಳಗೆ ಹೋಗೋ ಪೈಪು ಹಳೇದು, ತುಕ್ಕು ಹಿಡಿದಿದೆ. ಅದರ ಮೇಲೆ ಒಂದು ಮನೆ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ರೋಡಲ್ಲಿ ನಿಂತು ಮೇನ್ ಲೈನ್ ನೋಡಿ ನೀರು ಬರುತ್ತೆ ಅಂದ್ರೆ, ಮೇಲಿನ ಮಹಡಿಯವರು ಏನ್ ಹೇಳ್ತಾರೆ?”

“ನಾವು ಮೈಯಿಂದ ಜೋರಾಗಿ ನೀರು ಎಳೆದಾಗ?”

“ಪ್ರೆಷರ್ ಇಳಿಯುತ್ತೆ. ಮೊದಲು ಒಣಗೋದು ಮೇಲಿನ ಮಹಡಿ. ಹೃದಯದ ಸ್ನಾಯು ಅಲ್ಲಲ್ಲಿ ಸೋತು ಮಂಕಾಗುತ್ತೆ. ಪ್ರತಿ ಸಲ ಹೀಗಾದ್ರೆ ಒಂದು ದಿನ ಏಳೋದೇ ಇಲ್ಲ.”

ಇದನ್ನು ಅಳೆಯುವ ಪರೀಕ್ಷೆ ಇದೆಯಂತೆ. ದೊಡ್ಡ ನಾಳದೊಳಗೆ ತೆಳ್ಳನೆಯ ತಂತಿ ಇಳಿಸಿ, ಔಷಧಿ ಕೊಟ್ಟು, ರಕ್ತದ ಹರಿವು ಎಷ್ಟು ಏರುತ್ತದೆಂದು ನೋಡುವುದು. ಡಾಕ್ಟರು ನನ್ನೆದುರೇ ಹೃದಯದ ಡಾಕ್ಟರಿಗೆ ಫೋನ್ ಮಾಡಿದರು. ಅವರ ಮಾತೂ ತಪ್ಪಲ್ಲ. “ರೋಗಿ ನೋವಿಲ್ಲ ಅಂತಿದಾನೆ. ಮತ್ತೆ ತಂತಿ ಇಳಿಸೋದು ಅಂದ್ರೆ ಅದಕ್ಕೂ ಅಪಾಯ ಇದೆ. ಏನು ಕಾರಣ ಬರೀಲಿ?” ಎಂದರು. ಕಸಿಯ ದಿನ ಆಗಲೇ ನಿಗದಿಯಾಗಿತ್ತು. ಹೃದಯದ ಸ್ಥಿತಿ ತಿಳಿಯದೆ ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆಗೆ ಮಲಗಿಸಿದರೆ ಮೇಜಿನ ಮೇಲೇ ಏನಾದರೂ ಆಗಬಹುದಿತ್ತು. ಅದಕ್ಕೆ ಮುಂಚೆ ಆ ಮನುಷ್ಯ ಬಾಯಿ ಬಿಡಬೇಕು. ರಘುರಾಮ್ ಡಾಕ್ಟರು ಸ್ವತಃ ಹಾಸಿಗೆಯ ಪಕ್ಕ ಕೂತು ಕೇಳಿದರು. ಮುನಿರಾಜಣ್ಣ ನಗುತ್ತಾ ತಲೆಯಾಡಿಸಿದರು. ಡಾಕ್ಟರು ನೀರು ಎಳೆಯುವ ವೇಗ ಕಡಿಮೆ ಮಾಡಿಸಿದರು, ಹೊತ್ತು ಹೆಚ್ಚಿಸಿದರು. ಆದರೂ ಹೊದಿಕೆಯ ಒಳಗಿನ ಆ ಕೈ ನಿಲ್ಲಲಿಲ್ಲ.

ನೋವನ್ನು ಯಾಕೆ ಮುಚ್ಚಿಡುತ್ತಿದ್ದಾರೆ ಎಂದೇ ಆ ದಿನಗಳೆಲ್ಲ ಯೋಚಿಸಿದೆ. ಗಂಡಸರ ಜಂಭ ಎಂದುಕೊಂಡೆ. ಕಸಿ ಮುಂದೆ ಹೋಗುತ್ತದೆಂಬ ಭಯ ಎಂದುಕೊಂಡೆ. ಎರಡೂ ಅಲ್ಲ ಎಂದು ತಿಳಿದದ್ದು ಗೌರಮ್ಮನಿಂದ, ಕ್ಯಾಂಟೀನಿನಲ್ಲಿ. ಯಾವುದೋ ರಕ್ತಪರೀಕ್ಷೆಗೆ ಉಪವಾಸ ಬಂದಿದ್ದವರು ಪರೀಕ್ಷೆ ಮುಗಿಸಿ ಇಡ್ಲಿ ತಿನ್ನುತ್ತಿದ್ದರು. ಗಂಡ ಮನೆಯಲ್ಲಿ ಎದೆನೋವು ಎನ್ನುತ್ತಾರೆಯೇ ಎಂದು ಮೆಲ್ಲಗೆ ಕೇಳಿದೆ.

ಅವರು ಇಡ್ಲಿ ಕೆಳಗಿಟ್ಟು ಎರಡೂ ಕೆನ್ನೆ ಬಡಿದುಕೊಂಡರು. “ಬಿಡ್ತು ಅನ್ನಿ ಸಿಸ್ಟರ್! ಹರಕೆ ತೀರಿಸಿದ್ ಮೇಲೆ ಆ ನೋವಿನ್ ಹೆಸ್ರು ಎತ್ತಂಗಿಲ್ಲ. ಎತ್ತಿದ್ರೆ ಅಮ್ಮ ಕೊಟ್ಟಿದ್ದನ್ನ ವಾಪಸ್ ಎಸ್ದಂಗೆ. ನಮ್ ಕಡೆ ಹಂಗೆ.”

ನನಗೆ ಎಲ್ಲ ಅರ್ಥವಾಯಿತು. ಆ ಮನುಷ್ಯ ಜಂಭಕ್ಕೆ ಸುಮ್ಮನಿರಲಿಲ್ಲ. ಊರೆಲ್ಲ ಕರೆದು ಊಟ ಹಾಕಿ, ಹೆಂಡತಿ ತಲೆಯ ಮೇಲೆ ಆರತಿ ಹೊತ್ತು ನಡೆದ ಮೇಲೆ, ನೋವು ಹೋಗಲಿಲ್ಲ ಎಂದರೆ ದೇವಿಯ ಮುಖಕ್ಕೂ ಹೆಂಡತಿಯ ಮುಖಕ್ಕೂ ಹೊಡೆದಂತೆ ಎಂದುಕೊಂಡು ಹಲ್ಲು ಕಚ್ಚಿ ಮಲಗುತ್ತಿದ್ದರು. ಇದಕ್ಕೆ ನಾನು ಯಾವ ಪಾಠ ಹೇಳಲಿ? ನನ್ನ ಮನೆಯಲ್ಲೂ ಹರಕೆ ಹೊರುತ್ತೇವೆ. ದೇವರ ವಿಷಯದಲ್ಲಿ ಬಾಯಿ ಹಾಕಲು ಹೆದರಿಕೆಯೇ ಆಯಿತು. ಆದರೆ ಆ ಹೊದಿಕೆಯ ಒಳಗಿನ ಕೈಯ ನೆನಪು ಅದಕ್ಕಿಂತ ದೊಡ್ಡ ಹೆದರಿಕೆಯಾಗಿತ್ತು. ಕಂಡದ್ದನ್ನೆಲ್ಲ ಹೇಳಿಬಿಟ್ಟೆ. ಸಣ್ಣ ನಾಳದ ವಿಷಯವನ್ನು ಡಾಕ್ಟರು ಹೇಳಿದ ಹಾಗೇ ಹೇಳಿದೆ. ಕಸಿಯ ದಿನ ಏನಾಗಬಹುದು ಎಂಬುದನ್ನೂ ಬಿಡಲಿಲ್ಲ.

ಗೌರಮ್ಮ ಕೈ ತೊಳೆದರು. ನೇರವಾಗಿ ಘಟಕದ ಮೆಟ್ಟಿಲು ಹತ್ತಿದರು. ನಾನು ಹಿಂದೆ ಓಡಿದೆ. ಡಯಾಲಿಸಿಸ್ ನಡೆಯುವಾಗ ಮನೆಯವರನ್ನು ಒಳಗೆ ಬಿಡುವಂತಿಲ್ಲ. ಅವತ್ತು ನಾನೇ ಬಾಗಿಲು ತೆರೆದೆ. ಮೂರನೆಯ ಗಂಟೆ ನಡೆಯುತ್ತಿತ್ತು. ಮುನಿರಾಜಣ್ಣ ಗೋಡೆಯತ್ತ ಮುಖ ಮಾಡಿದ್ದರು.

“ಈ ಕಡೆ ತಿರುಗಿ,” ಎಂದರು ಗೌರಮ್ಮ.

ಅವರು ತಿರುಗಿದರು. ಹಣೆ ಒದ್ದೆಯಾಗಿತ್ತು.

“ನೋಯ್ತಾ ಐತಾ?”

“ಇಲ್ಲ ಕಣೇ... ಹರಕೆ...”

“ಹರಕೆ ಹೊತ್ತೋಳು ನಾನು. ತಪ್ಪಾದ್ರೆ ತಪ್ಪು ಕಾಣಿಕೆ ಕಟ್ಟೋಳೂ ನಾನೇ. ಅಮ್ಮನ ಕಾಲು ನಾನ್ ಹಿಡ್ಕೊಂತೀನಿ. ಹೊಟ್ಟೆ ಕುಯ್ಸ್ಕೊಂಡು ಕಿಡ್ನಿ ಕೊಡಾಕ್ ನಿಂತಿವ್ನಿ. ಅದ್ನ ಇಸ್ಕೊಂಡು ಬಾಯ್ ಮುಚ್ಕೊಂಡು ಸಾಯಾಕಾ ನೀವು?”

ಮುನಿರಾಜಣ್ಣನ ಕಣ್ಣಲ್ಲಿ ನೀರು ತುಂಬಿತು. ಸೂಜಿ ಇಲ್ಲದ ಕೈಯನ್ನು ಹೊದಿಕೆಯಿಂದ ಹೊರಗೆ ತೆಗೆದು ಎದೆಯ ಮೇಲೆ ಇಟ್ಟುಕೊಂಡರು.

“ನೋಯ್ತದೆ ಸಿಸ್ಟರ್. ಪ್ರತಿ ಸಲ ನೋಯ್ತದೆ. ಹೋದ್ ಸಲ ಇಲ್ಲೇ ಮುಗೀತು ಅಂದ್ಕೊಂಡೆ.”

ನಾನು ನೀರು ಎಳೆಯುವುದನ್ನು ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿದೆ.

ತಂತಿಯ ಪರೀಕ್ಷೆ ಆಯಿತು. ಡಾಕ್ಟರು ಹೆದರಿದ್ದು ನಿಜವಾಗಿತ್ತು. ಔಷಧಿ ಕೊಟ್ಟರೂ ಹರಿವು ಏರಲಿಲ್ಲ. ಕಸಿಯನ್ನು ಮುಂದೂಡಿದರು. ನಿಧಾನವಾದ, ದೀರ್ಘವಾದ ಡಯಾಲಿಸಿಸ್, ಯಂತ್ರದ ದ್ರಾವಣ ಸ್ವಲ್ಪ ತಂಪು, ವಾರಕ್ಕೊಂದು ಸರದಿ ಹೆಚ್ಚು, ಬಿ.ಪಿ. ಮಾತ್ರೆ ಬದಲು, ಕಲ್ಲಂಗಡಿ ಪೂರ್ತಿ ಬಂದ್. ಗೌರಮ್ಮ ಅಮ್ಮನಿಗೆ ತಪ್ಪು ಕಾಣಿಕೆ ಒಪ್ಪಿಸಿ ಬಂದರು. ಎದೆ ಹಿಡಿತ ಕಡಿಮೆಯಾದ ಮೇಲೆ, ಅರಿವಳಿಕೆಯವರೂ ಹೃದಯದವರೂ ಎಲ್ಲ ತಿಳಿದುಕೊಂಡೇ ಕಸಿ ಮಾಡಿದರು. ಗೌರಮ್ಮನ ಕಿಡ್ನಿ ಗಂಡನ ಹೊಟ್ಟೆಯಲ್ಲಿ ಕೆಲಸ ಶುರುಮಾಡಿತು. ಆ ದಿನ ಘಟಕದಲ್ಲಿ ಎಲ್ಲರೂ ನಿರಾಳವಾಗಿ ಉಸಿರಾಡಿದರು, ನನ್ನೊಬ್ಬಳ ಹೊರತು. ರಘುರಾಮ್ ಡಾಕ್ಟರು ನನಗೆ ಹೇಳಿದ್ದರು: ಕಿಡ್ನಿ ಹೊಸದು ಹಾಕಬಹುದು. ಆ ಕೂದಲೆಳೆಯ ನಾಳಗಳನ್ನು ಹೊಸದಾಗಿ ಹಾಕಲು ಬರುವುದಿಲ್ಲ. ಸ್ವಲ್ಪ ಸುಧಾರಿಸಬಹುದು, ಪೂರ್ತಿ ಮೊದಲಿನಂತೆ ಆಗುವುದು ಕಷ್ಟ. ನೋವು ಮತ್ತೆ ಬಂದರೆ ಅವರು ಹೇಳಬೇಕು, ಕೂಡಲೇ ಹೇಳಬೇಕು.

ನಾನು ನಿವೃತ್ತಳಾಗಿ ಕಲ್ಯಾಣ ನಗರದ ಮನೆಯಲ್ಲಿ ಕೂತ ಮೇಲೂ ಈ ಚಿಂತೆ ಹೋಗಲಿಲ್ಲ. ಹಬ್ಬ ಬಂದಾಗಲೆಲ್ಲ ಆ ಮನೆಯಲ್ಲಿ ಯಾವ ಹೊಸ ಹರಕೆ ಹೊತ್ತಿರಬಹುದು, ಆ ಮನುಷ್ಯ ಮತ್ತೆ ಯಾವ ನೋವನ್ನು ನುಂಗುತ್ತಿರಬಹುದು ಎಂದು ಯೋಚಿಸುತ್ತಿದ್ದೆ. ಹೋದ ವರ್ಷ ಒಂದು ಬೆಳಗ್ಗೆ ಗೌರಮ್ಮನ ಫೋನ್ ಬಂತು. ಹಿಂದೆ ಬಸ್ಸುಗಳ ಹಾರನ್ ಕೇಳುತ್ತಿತ್ತು.

“ಸಿಸ್ಟರ್, ಇವ್ರಿಗೆ ಎದೆ ಹಿಡ್ಕೊಂಡೈತೆ. ಆಸ್ಪತ್ರೆಗ್ ಬರ್ತಾ ಇದೀವಿ. ಟಿನ್ ಫ್ಯಾಕ್ಟರಿ ಹತ್ರ ನಿಂತ್ಬಿಟ್ಟೈತೆ ಗಾಡಿ.”

ನಾನು ಆಸ್ಪತ್ರೆಗೆ ಫೋನ್ ಮಾಡಿ ಸುದ್ದಿ ತಿಳಿಸಿ, ಆಟೊ ಹಿಡಿದು ಹೊರಟೆ. ದಾರಿಯುದ್ದಕ್ಕೂ ಕಂಡ ಕಂಡ ದೇವರಿಗೆಲ್ಲ ಕೈ ಮುಗಿದೆ. ತುರ್ತು ವಿಭಾಗದ ಬಾಗಿಲು ತಳ್ಳಿ ಒಳಗೆ ಹೋದೆ. ಒಳಗಿನ ಡಾಕ್ಟರು ನನ್ನ ಮುಖ ನೋಡಿ, “ಗಾಬರಿ ಆಗ್ಬೇಡಿ ಸಿಸ್ಟರ್. ಬೇಗ ಬಂದಿದ್ದಾರೆ, ಔಷಧಿ ಹಿಡೀತಾ ಇದೆ,” ಎಂದರು.

ಮುನಿರಾಜಣ್ಣ ಹಾಸಿಗೆಯಲ್ಲಿ ಒರಗಿ ಕೂತಿದ್ದರು. ಮೂಗು ಬಾಯಿಯ ಮೇಲೆ ಆಮ್ಲಜನಕದ ಮಾಸ್ಕ್ ಇತ್ತು. ಗೌರಮ್ಮ ಅವರ ಪಾದ ಹಿಡಿದುಕೊಂಡು ನಿಂತಿದ್ದರು. ನನ್ನನ್ನು ಕಂಡ ಕೂಡಲೇ ಮುನಿರಾಜಣ್ಣ ಮಾಸ್ಕನ್ನು ಎತ್ತಿದರು.

“ಹೇಳ್ಬಿಟ್ಟೆ ಸಿಸ್ಟರ್,” ಎಂದರು. “ಹಿಡ್ಕಂತಿದ್ದಂಗೆ ಹೇಳ್ಬಿಟ್ಟೆ.”

ನಾನು ಹತ್ತಿರ ಹೋದೆ. ಮಾಸ್ಕನ್ನು ಅವರ ಮುಖಕ್ಕೆ ಸರಿಯಾಗಿ ಹಾಕಿ, ಅದರ ದಾರವನ್ನು ಕಿವಿಯ ಹಿಂದೆ ಬಿಗಿ ಮಾಡಿದೆ.